ಗುಡ್ಡದ ಹೆದರಿಕೆ, ಎದೆಯ ಹೆದರಿಕೆ: ಶಿರೂರು ದಾಟಲಾಗದ ಒಬ್ಬ ಚಾಲಕರ ಪ್ರಕರಣ

ಇದು ಒಬ್ಬ ಪಿಕಪ್ ಚಾಲಕರ ಕತೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರ ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಬದಲಿಸದೆ ಉಳಿಸಿಕೊಂಡದ್ದು ರಸ್ತೆಯನ್ನು ಮಾತ್ರ. ಆ ರಸ್ತೆ ಇಲ್ಲದಿದ್ದರೆ ಈ ಪ್ರಕರಣವೇ ಇಲ್ಲ. ಹೆಸರಿನ ಬದಲು ಅವರನ್ನು ಇಲ್ಲಿ ಅಣ್ಣ ಎನ್ನುತ್ತೇನೆ. ನಮ್ಮ ಕಡೆ ಡ್ರೈವರ್‌ಗಳನ್ನು ಕರೆಯುವುದೇ ಹಾಗೆ.

ನಾನು ಕರಾವಳಿಯಲ್ಲಿ ಆಪ್ತಸಮಾಲೋಚನೆ ಮಾಡುವವಳು. ಹೆಚ್ಚಾಗಿ ಬಳಸುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ. ನಮ್ಮ ಯೋಚನೆ, ಮೈಯಲ್ಲಾಗುವ ಬದಲಾವಣೆ, ನಾವು ಮಾಡುವ ಕೆಲಸ ಈ ಮೂರೂ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ನೋಡಿ, ಎಲ್ಲಾದರೂ ಒಂದು ಕಡೆ ಆ ಎಳೆತವನ್ನು ಬಿಡಿಸುವ ಚಿಕಿತ್ಸೆ ಅದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆ ಇರುವವರಿಗಾಗಿ ಇದನ್ನು ರೂಪಿಸಿದರು. ಆಮೇಲೆ ಆತಂಕದ ಕಾಯಿಲೆಗಳಿಗೂ ಬಂತು.

ಸಿಬಿಟಿ ಎಂದರೆ ‘ಏನೂ ಆಗಲ್ಲ ಬಿಡಿ’ ಎಂದು ಮನಸ್ಸಿಗೆ ಹೇಳಿಕೊಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಅಣ್ಣನ ವಿಷಯದಲ್ಲಿ ಆ ಮಾತು ಹೇಳುವ ಹಾಗೇ ಇರಲಿಲ್ಲ. ಅವರು ಹೆದರುತ್ತಿದ್ದ ಗುಡ್ಡ ನಿಜವಾಗಿಯೂ ಬಿದ್ದಿತ್ತು.

ಆ ಬೆಳಿಗ್ಗೆ ಮತ್ತು ಆಮೇಲಿನ ತಿಂಗಳುಗಳು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ, ನಡುವೆ ರಸ್ತೆ. ಮಣ್ಣು ರಸ್ತೆ ದಾಟಿ ನದಿಗೇ ಇಳಿಯಿತು. ಜೀವಗಳು ಹೋದವು. ನದಿ ಸೇರಿದ ಲಾರಿಯೊಂದು ಮೇಲೆ ಬರಲು ಸೆಪ್ಟೆಂಬರ್ ಬೇಕಾಯಿತು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಣ್ಣ ಆ ಬೆಳಿಗ್ಗೆ ಅದೇ ಜಾಗ ದಾಟಿದ್ದರು, ಕುಸಿತಕ್ಕೆ ಸುಮಾರು ಮುಕ್ಕಾಲು ಗಂಟೆ ಮೊದಲು. ವರ್ಷದ ಬಹುಪಾಲು ಅವರದು ಮೀನಿನ ಬಾಡಿಗೆ. ಕಾರವಾರದ ಬೈತಖೋಲ ಬಂದರಿನಿಂದ ಮಂಜುಗಡ್ಡೆ ಹಾಕಿದ ಕ್ರೇಟುಗಳನ್ನು ಕುಮಟಾ, ಹೊನ್ನಾವರದ ಕಡೆಗೆ ಒಯ್ಯುತ್ತಾರೆ. ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ತರಕಾರಿ, ದಿನಸಿ. ಆ ದಿನ ತರಕಾರಿ ಇತ್ತು. ಕುಮಟಾದಲ್ಲಿ ಲೋಡು ಇಳಿಸುತ್ತಿದ್ದಾಗ ಯಾರೋ ಮೊಬೈಲ್ ತೋರಿಸಿದರಂತೆ.

‘ಆಗ ನಂಗೆ ಎಂತದೂ ಆಗ್ಲಿಲ್ಲ ಮೇಡಂ. ಕೈ ಕೂಡ ನಡುಗ್ಲಿಲ್ಲ. ಲೋಡು ಪೂರಾ ಇಳಿಸಿ ಊಟ ಮಾಡ್ದೆ.’

ಹೀಗಾಗುವುದು ಅಪರೂಪವಲ್ಲ. ಹೆದರಿಕೆ ಕೆಲವರಿಗೆ ತಡವಾಗಿ ಬರುತ್ತದೆ. ರಸ್ತೆ ಮುಚ್ಚಿದ್ದಷ್ಟು ದಿನ ಅವರು ಚೆನ್ನಾಗಿದ್ದರು. ರಸ್ತೆ ತೆರೆದು ನಾಲ್ಕೈದು ಟ್ರಿಪ್ ಕೂಡ ಆಗಿತ್ತು. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ, ಜಿಟಿಜಿಟಿ ಮಳೆ. ಶಿರೂರು ಹತ್ತಿರ ಬರುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರು ಮಾಡಿತು. ಬೆರಳು ಜುಮ್ಮೆಂದವು. ಉಸಿರು ಸಾಲಲಿಲ್ಲ. ಬೆವರು. ಗಾಡಿ ಬದಿಗೆ ಹಾಕಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು, ‘ಇಲ್ಲಿಗೆ ಮುಗೀತು’ ಅಂದುಕೊಂಡರು. ಸ್ವಲ್ಪ ತಾಳಿಕೊಂಡು ಗಾಡಿ ತಿರುಗಿಸಿ ಅಂಕೋಲಾಕ್ಕೆ ವಾಪಸ್ ಬಂದರು.

ನನ್ನಲ್ಲಿಗೆ ಬರುವ ಹೊತ್ತಿಗೆ ನವೆಂಬರ್ ಅರ್ಧ ಮುಗಿದಿತ್ತು. ಹೆಂಡತಿಯ ಚೀಲದಲ್ಲಿ ದಪ್ಪ ಫೈಲು. ಮೂರು ಇಸಿಜಿ, ಮಣಿಪಾಲಕ್ಕೆ ಹೋಗಿ ಮಾಡಿಸಿದ ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ಥೈರಾಯ್ಡ್. ಎಲ್ಲವೂ ನಾರ್ಮಲ್. ಅದನ್ನು ಕೇಳಿ ಸಮಾಧಾನ ಆಗಲಿಲ್ಲವೇ ಎಂದು ಕೇಳಿದೆ. ‘ನಾರ್ಮಲ್ ಅಂದ ಮೇಲೂ ಹೀಗೆ ಆಗ್ತದಲ್ಲ, ಅದಕ್ಕೇ ಹೆದರಿಕೆ ಜಾಸ್ತಿ’ ಎಂದರು.

ಕೈಯಲ್ಲಿ ಕಪ್ಪು ನೂಲಿತ್ತು. ಅತ್ತೆ ಕಟ್ಟಿಸಿದ್ದು. ಹೆದರಿಕೆ ಕೂತಿದೆ, ದೇವರ ಹತ್ತಿರ ಕೇಳಿಸಬೇಕು ಎಂದು ಮನೆಯವರು ಕೇಳಿಸಿದ್ದರು. ಅದನ್ನು ನಾನು ಬಿಚ್ಚಿಸಲಿಲ್ಲ, ಆ ಬಗ್ಗೆ ಮಾತೂ ಆಡಲಿಲ್ಲ. ಮನೆಯವರ ಪ್ರೀತಿ ಅದು. ಚಿಕಿತ್ಸೆಗೆ ಅಡ್ಡ ಬಂದರೆ ಆಗ ನೋಡೋಣ ಎಂದುಕೊಂಡೆ. ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ಬೇರೆ ಸಂಗತಿಗಳು. ಆ ಎರಡೂವರೆ ತಿಂಗಳಲ್ಲಿ ಅಣ್ಣ ಬದುಕುಳಿಯಲು ಒಂದು ಏರ್ಪಾಟನ್ನೇ ಮಾಡಿಕೊಂಡಿದ್ದರು. ದೊಡ್ಡ ಲಾರಿಯ ಹಿಂದೆಯೇ ಹೋಗುವುದು. ಶಿರೂರು ಬರುವ ಮೊದಲೇ ಹೆಂಡತಿಗೆ ಫೋನ್ ಹಚ್ಚಿ, ದಾಟಿದ ಮೇಲೆ ಇಡುವುದು. ಕಿಟಕಿ ಇಳಿಸಿಟ್ಟು ಮಣ್ಣಿನ ಸದ್ದು ಕೇಳುವುದು. ಆ ಜಾಗದಲ್ಲಿ ಎಂಬತ್ತರ ಮೇಲೆ ಓಡಿಸುವುದು. ಯಾರೋ ಗೆಳೆಯ ಕೊಟ್ಟ, ನಾಲಿಗೆ ಕೆಳಗಿಡುವ ಹೃದಯದ ಮಾತ್ರೆಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುವುದು. ರಾತ್ರಿ ಗುಡ್ಡ ಕುಸಿತದ ವಿಡಿಯೊ ಹುಡುಕಿ ನೋಡುವುದು, ಆಮೇಲೆ ನಿದ್ದೆ ಬರಲಿ ಎಂದು ಒಂದು ಕ್ವಾರ್ಟರ್ ಕುಡಿಯುವುದು. ಮಳೆ ಇದ್ದರೆ ಒಳದಾರಿಗಳಲ್ಲಿ ಸುತ್ತು. ಒಂದು ದಿನವಂತೂ ಅಂಕೋಲಾದಿಂದ ಯಲ್ಲಾಪುರಕ್ಕೆ ಹತ್ತಿ, ಶಿರಸಿಗೆ ಬಂದು, ಅಲ್ಲಿಂದ ಕುಮಟಾಕ್ಕೆ ಇಳಿದಿದ್ದರು. ನೇರ ಹೋದರೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಸುತ್ತಿದ್ದು ನೂರೈವತ್ತಕ್ಕೂ ಜಾಸ್ತಿ. ಒಂದು ಗುಡ್ಡಕ್ಕೆ ಹೆದರಿ ಅರಬೈಲು ಘಟ್ಟ ಹತ್ತಿ, ದೇವಿಮನೆ ಘಟ್ಟ ಇಳಿದಿದ್ದರು. ಅಷ್ಟರಲ್ಲಿ ಇಬ್ಬರು ವ್ಯಾಪಾರಿಗಳು ಬೇರೆ ಗಾಡಿ ಹಿಡಿದಿದ್ದರು.

ಜಿಎಡಿ-7 ಎಂಬ ಆತಂಕದ ಪ್ರಶ್ನಾವಳಿಯಲ್ಲಿ 21ಕ್ಕೆ 16 ಬಂತು. 15 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೀವ್ರ ಎಂದು ಲೆಕ್ಕ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಅವರನ್ನು ಕಳಿಸಿದೆ. ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದ ಹಾಗೆ ಜೋರು ಹೆದರಿಕೆ ಮತ್ತೆ ಮತ್ತೆ ಏರಿ ಬರುವ ಕಾಯಿಲೆ ಎಂದು ಖಚಿತವಾಯಿತು. ಔಷಧಿಯ ಆಯ್ಕೆಯನ್ನೂ ವೈದ್ಯರು ಮುಂದಿಟ್ಟರು. ಅಣ್ಣ ಮೊದಲು ಮಾತಿನ ಚಿಕಿತ್ಸೆ ನೋಡುತ್ತೇನೆ ಎಂದರು. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಮತ್ತೆ ಬರಬೇಕು ಎಂಬ ಮಾತಿನ ಮೇಲೆ ವೈದ್ಯರು ಒಪ್ಪಿದರು. ಕುಡಿತ ಬಿಡಿಸುವುದನ್ನೂ, ಆ ಜೇಬಿನ ಮಾತ್ರೆಯನ್ನೂ ಅವರೇ ನೋಡಿಕೊಂಡರು. ಹೃದಯ ಸರಿ ಇರುವವರು ರಕ್ತದೊತ್ತಡ ಇಳಿಸುವ ಮಾತ್ರೆ ಬಾಯಿಗೆ ಹಾಕಿಕೊಂಡು ಸ್ಟೇರಿಂಗ್ ಹಿಡಿದರೆ ಅದೇ ಅಪಾಯ.

ನಾನು ತಪ್ಪಿದ ಜಾಗ

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಇಂಥ ಪ್ರಕರಣಗಳಲ್ಲಿ ಅಪಾಯದ ಲೆಕ್ಕ ಹಾಕಿಸುವುದು ವಾಡಿಕೆ. ಎಷ್ಟು ವರ್ಷದಿಂದ ಈ ರಸ್ತೆಯಲ್ಲಿದ್ದೀರಿ, ವಾರಕ್ಕೆ ಎಷ್ಟು ಟ್ರಿಪ್, ದಿನಕ್ಕೆ ಎಷ್ಟು ಗಾಡಿ ಹೋಗ್ತವೆ ಎಂದು ಕೇಳುತ್ತಾ ಹೋದೆ. ನೀವು ದಾಟುವ ಆ ಅರ್ಧ ನಿಮಿಷದಲ್ಲೇ ಗುಡ್ಡ ಬೀಳುವ ಸಾಧ್ಯತೆ ಎಷ್ಟು ಕಡಿಮೆ ಅಲ್ವಾ ಎಂದೆ.

ಅಣ್ಣ ನನ್ನ ಮುಖ ನೋಡಿದರು. ‘ಸತ್ತವ್ರಿಗೂ ಅಷ್ಟೇ ಇತ್ತಲ್ಲ ಮೇಡಂ’ ಎಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇದ್ದಿದ್ದರೂ ಹೇಳಬಾರದಿತ್ತು. ಬಸ್ಸಿನಲ್ಲಿ ಉಸಿರು ಕಟ್ಟುತ್ತದೆ, ಲಿಫ್ಟ್ ಬೀಳುತ್ತದೆ ಎಂದು ಹೆದರುವವರಿಗೆ ಆ ಲೆಕ್ಕ ಹೊಂದುತ್ತದೆ. ಇಲ್ಲಿ ಮಣ್ಣಿನಡಿ ಜನ ಸಿಕ್ಕಿ ಇನ್ನೂ ನಾಲ್ಕು ತಿಂಗಳಾಗಿತ್ತು. ಅಂಥವರ ಎದುರು ಕೂತು ಸಾಧ್ಯತೆಯ ಗಣಿತ ಹೇಳುವುದು ಅವರ ಅನುಭವವನ್ನು ತಳ್ಳಿಹಾಕಿದ ಹಾಗೆ. ಆ ದಿನದ ಭೇಟಿ ಅಲ್ಲಿಗೇ ತಣ್ಣಗಾಯಿತು. ಮುಂದಿನ ವಾರ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು.

ಬಂದರು. ಬಂದ ಕೂಡಲೇ ನಾನು ಹೇಳಿದೆ: ‘ನೀವು ಹೇಳಿದ್ದು ಸರಿ. ಆ ಗುಡ್ಡ ಬೀಳಲ್ಲ ಅಂತ ನಾನು ಹೇಳೋ ಹಾಗಿಲ್ಲ.’ ಅವರ ಭುಜ ಸ್ವಲ್ಪ ಇಳಿದದ್ದು ಕಂಡಿತು. ಎಲ್ಲರೂ ಅವರಿಗೆ ‘ಸುಮ್ನೆ ಹೆದರ್ತೀಯ’ ಎನ್ನುತ್ತಿದ್ದರಂತೆ. ಸುಮ್ನೆ ಅಲ್ಲ ಎಂದು ಒಬ್ಬರಾದರೂ ಒಪ್ಪಿದ್ದು ಅವರಿಗೆ ಬೇಕಿತ್ತು.

ಆಮೇಲೆ ಒಂದು ಕಾಗದ ತೆಗೆದು ನಡುವೆ ಗೀಟು ಎಳೆದೆವು. ಒಂದು ಕಡೆ ‘ಗುಡ್ಡದ ಹೆದರಿಕೆ’, ಇನ್ನೊಂದು ಕಡೆ ‘ಎದೆಯ ಹೆದರಿಕೆ’. ಹೆಸರು ಅವರೇ ಇಟ್ಟದ್ದು. ಗುಡ್ಡದ ಹೆದರಿಕೆ ಮಳೆ, ಮಣ್ಣು, ರಸ್ತೆಗೆ ಸೇರಿದ್ದು. ಅದಕ್ಕೆ ಬೇಕಾದ್ದು ಚಿಕಿತ್ಸೆಯಲ್ಲ, ನಿಯಮ. ಎದೆಯ ಹೆದರಿಕೆ ಎಂದರೆ ಎದೆ ಹೊಡೆದುಕೊಂಡಾಗ ‘ಸಾಯ್ತೇನೆ’ ಎಂದು ಓದಿಕೊಳ್ಳುವುದು. ಚಿಕಿತ್ಸೆ ಬೇಕಾದ್ದು ಅದಕ್ಕೆ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಡಿಸೆಂಬರ್‌ನ ಬಿಸಿಲಲ್ಲಿ, ಒಂದು ತೊಟ್ಟು ಮಳೆ ಇಲ್ಲದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತಲ್ಲ, ಅದು ಗುಡ್ಡದ ಲೆಕ್ಕವಲ್ಲ ಎಂದು ಅವರೇ ಗುರುತಿಸಿದರು. ಘಟ್ಟ ಸುತ್ತಿದ ದಿನದ ಮಾತೂ ಆಗ ಬಂತು. ‘ದೇವಿಮನೇಲಿ ನಂಗೆ ಎಂತಕೆ ಹೆದರಿಕೆ ಆಗ್ಲಿಲ್ಲ? ಅಲ್ಲೂ ಗುಡ್ಡವೇ ಅಲ್ವಾ?’ ಈ ಪ್ರಶ್ನೆಯನ್ನು ನಾನು ಕೇಳಿದ್ದರೆ ವಾದವಾಗುತ್ತಿತ್ತು. ಅವರೇ ಕೇಳಿಕೊಂಡದ್ದರಿಂದ ಕೆಲಸಕ್ಕೆ ಬಂತು.

ಗುಡ್ಡದ ಕಡೆಗೆ ನಿಯಮ ಬರೆದೆವು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇದ್ದರೆ ಟ್ರಿಪ್ ಇಲ್ಲ. ರೆಡ್ ಎಂದರೆ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸೂಚನೆ. ಆಡಳಿತ ರಸ್ತೆ ಮುಚ್ಚಿದರೆ ಟ್ರಿಪ್ ಇಲ್ಲ. ಆರೆಂಜ್ ಇದ್ದರೆ ಹಗಲು ಮಾತ್ರ. ಉಳಿದ ದಿನ ಹೋಗುವುದು, ನೇರ ದಾರಿಯಲ್ಲೇ. ಹೋಗುವುದೋ ಬೇಡವೋ ಎಂದು ತೀರ್ಮಾನಿಸುವುದು ಹಿಂದಿನ ರಾತ್ರಿ, ಮನೆಯಲ್ಲಿ ಕೂತು. ಸ್ಟೇರಿಂಗ್ ಮುಂದೆ ಕೂತು ಎದೆಯ ಬಡಿತ ಕೇಳಿ ನಿಯಮ ಬದಲಿಸುವ ಹಾಗಿಲ್ಲ. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡರು.

ಒಂದು ನಿಮಿಷದ ಉಸಿರು

ಎದೆಯ ಹೆದರಿಕೆಗೆ ಬಂದೆವು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಬಗ್ಗೆ ಕೊಟ್ಟ ವಿವರಣೆ ಸರಳವಾಗಿದೆ. ಮೈಯಲ್ಲಿ ಏನೋ ಒಂದು ಬದಲಾವಣೆ. ಅದನ್ನು ನಾವು ‘ಹಾರ್ಟ್ ಅಟ್ಯಾಕ್’ ಎಂದು ಓದುತ್ತೇವೆ. ಹಾಗೆ ಓದಿದ್ದಕ್ಕೇ ಹೆದರಿಕೆ ಏರುತ್ತದೆ. ಹೆದರಿಕೆಗೆ ಎದೆ ಇನ್ನೂ ಜೋರು ಹೊಡೆಯುತ್ತದೆ. ‘ನೋಡು, ನಿಜವೇ ಆಯ್ತು’ ಎನಿಸುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಅದಕ್ಕೇ ಪ್ರಯೋಗ ಬೇಕು. ಅಣ್ಣನಿಗೆ ಹೃದಯ, ಆಸ್ತಮಾ, ಮೂರ್ಛೆ ಏನೂ ಇಲ್ಲವೆಂದು ವೈದ್ಯರ ಕಾಗದ ನೋಡಿಕೊಂಡ ಮೇಲೆ, ಒಂದು ನಿಮಿಷ ಬಾಯಿ ತೆರೆದು ಜೋರಾಗಿ, ಬೇಗ ಬೇಗ ಉಸಿರಾಡಲು ಹೇಳಿದೆ. ನಾನೂ ಜೊತೆಗೆ ಮಾಡಿದೆ. ನಲವತ್ತು ಸೆಕೆಂಡಿಗೆ ಅವರ ಕೈ ಕುರ್ಚಿಯ ಹಿಡಿಗೆ ಹೋಯಿತು. ಬೆರಳು ಜುಮ್ಮೆಂದವು, ತಲೆ ತಿರುಗಿತು, ಎದೆ ಬಡಿಯಿತು.

‘ಇದೇ! ಇದೇ ಮೇಡಂ ಅಲ್ಲಿ ಆಗೂದು!’

ಶಿರೂರು ಇಲ್ಲ, ಮಳೆ ಇಲ್ಲ, ಫ್ಯಾನಿನ ಕೆಳಗೆ ಕೂತು ಅದೇ ಆಯಿತು. ಜೋರು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದಲೇ ಬೆರಳು ಜುಮ್ಮೆನ್ನುವುದು, ತಲೆ ಹಗುರ ಆಗುವುದು. ಹೆದರಿದಾಗ ನಾವು ಗೊತ್ತಿಲ್ಲದೇ ಹಾಗೆ ಉಸಿರಾಡುತ್ತೇವೆ. ಎರಡು ನಿಮಿಷ ಸುಮ್ಮನೆ ಕೂತೆವು, ಇಳಿಯಿತು. ಅವರು ಮತ್ತೊಮ್ಮೆ ಮಾಡುತ್ತೇನೆ ಎಂದರು. ಮತ್ತೊಮ್ಮೆ ಮಾಡಿದರು. ಈ ಚಿಕಿತ್ಸೆಯ ಮೊದಲ ತಿರುವು ಅದು. ಅಲ್ಲಿಯವರೆಗೆ ಅವರು ಹೆದರಿಕೆ ಮೇಲಿದ್ದಾಗಲೇ ಗಾಡಿ ತಿರುಗಿಸಿದ್ದರು, ಇಲ್ಲವೇ ತಮ್ಮ ಏರ್ಪಾಟುಗಳನ್ನು ಹಿಡಿದುಕೊಂಡು ದಾಟಿದ್ದರು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ತಾನಾಗಿಯೇ ಇಳಿಯುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ವಾಪಸ್ ಬಂದದ್ದರಿಂದ ಬದುಕಿದೆ ಎಂದೇ ಮನಸ್ಸು ಬರೆದುಕೊಂಡಿತ್ತು.

ಮನೆಗೆಲಸ ಕೊಡುವಾಗ ಒಂದು ತೊಡಕು. ಯೋಚನೆಗಳನ್ನು ಬರೆದಿಡುವ ಹಾಳೆ ಕೊಟ್ಟೆ, ಖಾಲಿ ಬಂತು. ಬರೆಯುವ ಅಭ್ಯಾಸ ಇಲ್ಲ ಎಂದರು. ಆದರೆ ಟ್ರಿಪ್ ಶೀಟು ತಪ್ಪದೆ ಬರೆಯುತ್ತಿದ್ದರು. ಡೀಸೆಲ್ ಎಷ್ಟು, ಕ್ರೇಟು ಎಷ್ಟು, ಬಂದದ್ದೆಷ್ಟು. ಸರಿ, ಅದರಲ್ಲೇ ಮೂರು ಖಾನೆ ಜಾಸ್ತಿ ಮಾಡಿದೆವು: ‘ಏನಾಗ್ತದೆ ಅಂದ್ಕೊಂಡೆ’, ‘ಮೀಟರ್ ಎಷ್ಟು’, ‘ಏನಾಯ್ತು’. ಸೊನ್ನೆಯಿಂದ ನೂರರವರೆಗಿನ ಹೆದರಿಕೆಯ ಅಳತೆಯನ್ನು ಅವರು ಮೀಟರ್ ಎಂದರು, ಎಂಜಿನ್ನಿನ ಟೆಂಪರೇಚರ್ ಮೀಟರ್ ಇದ್ದ ಹಾಗೆ. ಸುರಕ್ಷತೆಗಾಗಿ ಮಾಡುವ ಸಣ್ಣ ಸಣ್ಣ ಏರ್ಪಾಟುಗಳೇ ಹೆದರಿಕೆಯನ್ನು ಉಳಿಸುತ್ತವೆ ಎಂದು ನಾನು ವಿವರಿಸಲು ಒದ್ದಾಡುತ್ತಿದ್ದಾಗ ಅವರು ಹೇಳಿದ್ದು: ‘ಘಟ್ಟ ಹತ್ತಿ ಹೀಟ್ ಆದ ಎಂಜಿನ್ನಿಗೆ ತಣ್ಣೀರು ಹೊಯ್ಯೂಕಾಗ. ಸುಮ್ನೆ ಬಿಡ್ಬೇಕು. ಹೊಯ್ದ್ರೆ ಹೆಡ್ ಒಡೀತದೆ.’ ಆಮೇಲಿಂದ ನಮ್ಮಿಬ್ಬರ ನಡುವೆ ಅದೇ ಮಾತು. ‘ಈ ವಾರ ಎಲ್ಲಿ ತಣ್ಣೀರು ಹೊಯ್ದಿರಿ?’

ಮೆಟ್ಟಿಲು

ಡಿಸೆಂಬರ್‌ನಿಂದ ಮಾರ್ಚ್ ಒಣಕಾಲ. ಇದೇ ಸರಿಯಾದ ಸಮಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿದೆವು. ಮೊದಲು ಗೆಳೆಯನ ಬೈಕಿನ ಹಿಂದೆ, ಮಧ್ಯಾಹ್ನ. ಆಮೇಲೆ ಬಸ್ಸಿನಲ್ಲಿ, ಗುಡ್ಡದ ಕಡೆಯ ಸೀಟು. ಆಮೇಲೆ ಖಾಲಿ ಗಾಡಿಯಲ್ಲಿ ಅಂಕೋಲಾದಿಂದ ಮಾದನಗೇರಿಯವರೆಗೆ, ಲಾರಿಯ ಹಿಂದೆ ಬೀಳದೆ, ಎಲ್ಲರ ವೇಗದಲ್ಲಿ. ಆಮೇಲೆ ಲೋಡಿನ ಜೊತೆ. ಒಂದೊಂದು ಮೆಟ್ಟಿಲನ್ನೂ ಮೀಟರ್ ಅರ್ಧಕ್ಕೆ ಇಳಿಯುವವರೆಗೆ ದಿನಾ ಮಾಡುವುದು.

ಇಲ್ಲಿ ನಾನು ಒಂದು ವಿಷಯಕ್ಕೆ ಗಟ್ಟಿಯಾಗಿ ಬೇಡ ಎಂದೆ. ಅಣ್ಣನಿಗೆ ಹುರುಪು ಬಂದಿತ್ತು. ‘ಗುಡ್ಡದ ಬುಡದಲ್ಲೇ ಗಾಡಿ ನಿಲ್ಲಿಸಿ ಅರ್ಧ ತಾಸು ಕೂತ್ಕಂತೆ, ಹೆದರಿಕೆ ಪೂರಾ ಹೋಗ್ತದೆ’ ಎಂದರು. ಕುಸಿದ ಗುಡ್ಡದ ಕೆಳಗೆ ಕೂರಿಸುವುದು ಚಿಕಿತ್ಸೆಯಲ್ಲ. ಹೆದರಿಕೆಗೆ ಎದುರಾಗಬೇಕು ಎಂದರೆ ಅಪಾಯಕ್ಕೆ ಎದುರಾಗಬೇಕು ಎಂದಲ್ಲ. ಈ ಗೆರೆಯನ್ನು ಚಿಕಿತ್ಸಕರು ಕಾಯಬೇಕು. ಅದರ ಬದಲು ನದಿಯ ಆಚೆ ದಡಕ್ಕೆ ಹೋಗಿ, ಅಲ್ಲಿಂದ ಗುಡ್ಡದ ಕೆಂಪು ಗಾಯವನ್ನು ನೋಡುತ್ತಾ ನಿಲ್ಲಲು ಹೇಳಿದೆ.

ಫೆಬ್ರವರಿಯಲ್ಲಿ ಒಂದು ಗಂಟು ಎದುರಾಯಿತು. ಟ್ರಿಪ್ ಶೀಟಿನಲ್ಲಿ ಮೀಟರ್ ಚೆನ್ನಾಗಿ ಇಳಿದಿತ್ತು, 80ರಿಂದ 35ಕ್ಕೆ. ಆದರೆ ‘ಏನಾಗ್ತದೆ ಅಂದ್ಕೊಂಡೆ’ ಖಾನೆಯಲ್ಲಿ ಪ್ರತಿದಿನ ಅದೇ ಮಾತು: ‘ಸಾಯ್ತೆ’. ಹೆದರಿಕೆ ಇಳಿದರೂ ನಂಬಿಕೆ ಹಾಗೇ ಇದೆ ಎಂದರೆ ಎಲ್ಲೋ ತಣ್ಣೀರು ಹೊಯ್ಯುತ್ತಿದ್ದಾರೆ ಎಂದೇ ಅರ್ಥ. ಕೇಳಿದರೆ ಎಲ್ಲ ಬಿಟ್ಟಿದ್ದೇನೆ ಎಂದರು. ಹೆಂಡತಿಯನ್ನು ಒಳಗೆ ಕರೆದೆ. ಆಕೆ ತಡೆದು ತಡೆದು ಹೇಳಿದರು: ‘ಮಾತಾಡೂದಿಲ್ಲ ಮೇಡಂ. ಫೋನ್ ಹಚ್ಚಿ ಸುಮ್ನೆ ಸೀಟಿನ ಮೇಲೆ ಇಡ್ತಾರೆ. ನಾನು ಇಲ್ಲಿ ಗಾಡಿ ಸದ್ದು ಕೇಳ್ತಾ ಕೂತಿರ್ತೆ.’

ಅಣ್ಣ ಸುಳ್ಳು ಹೇಳಿರಲಿಲ್ಲ. ಮಾತಾಡದಿದ್ದರೆ ಅದು ಫೋನ್ ಅಲ್ಲ ಎಂದು ಅವರ ಲೆಕ್ಕ. ನಾನು ಮೊದಲ ದಿನವೇ ಹೆಂಡತಿಯನ್ನು ಕೂರಿಸಿ ಕೇಳಬೇಕಿತ್ತು. ಒಬ್ಬರ ಆತಂಕದಲ್ಲಿ ಮನೆಯವರೂ ಒಂದು ಪಾತ್ರ ಹಿಡಿದಿರುತ್ತಾರೆ, ಪ್ರೀತಿಯಿಂದಲೇ. ಆಕೆಗೆ ಫೋನ್ ಎತ್ತಬೇಡಿ ಎಂದಾಗ ಕಣ್ಣು ತುಂಬಿತು. ಗಂಡನಿಗಿಂತ ಆಕೆಗೆ ಅದು ಕಷ್ಟವಾಯಿತು. ಅದಕ್ಕೂ ಮೆಟ್ಟಿಲು ಮಾಡಿದೆವು. ಮೊದಲು ದಾಟಿದ ಮೇಲೆ ಒಂದು ಮಿಸ್ ಕಾಲ್. ಆಮೇಲೆ ಕುಮಟಾ ಮುಟ್ಟಿದ ಮೇಲೆ ಮಾತ್ರ. ಆಮೇಲೆ ಅದೂ ಇಲ್ಲ, ಸಂಜೆ ಮನೆಗೆ ಬಂದಾಗಲೇ. ಆ ಮೂರು ವಾರ ಆಕೆಯೂ ತನ್ನ ಮೀಟರ್ ಬರೆದರು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಇರಲಿ ಎಂದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಕೊಟ್ಟಿದ್ದೆ. ಒಮ್ಮೆ ಕರೆ ಮಾಡಿದ್ದು ಅಣ್ಣನಲ್ಲ, ಆಕೆ.

ಬಾಕಿ

ಎಂಟನೇ ಭೇಟಿ. ಅಷ್ಟರಲ್ಲಿ ‘ಸಾಯ್ತೆ’ ಎಂಬ ಮಾತಿನ ಕೆಳಗೆ ಇನ್ನೇನೋ ಇದೆ ಎಂದು ನನಗೆ ಅನಿಸತೊಡಗಿತ್ತು. ಎದೆ ಹೊಡೆದುಕೊಂಡರೆ ಸಾಯುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಆದರೂ ಆ ಜಾಗದಲ್ಲೇ ಯಾಕೆ? ಗುಡ್ಡ ನೋಡಿದಾಗ ಮನಸ್ಸಿಗೆ ಬರುವ ಮೊದಲ ಮಾತು ಯಾವುದು ಎಂದು ಕೇಳಿ ಸುಮ್ಮನಾದೆ. ಬಹಳ ಹೊತ್ತು ಅವರೂ ಸುಮ್ಮನಿದ್ದರು.

‘ನಂದು ಬಾಕಿ ಅದೆ.’

ಮುಕ್ಕಾಲು ಗಂಟೆಯಲ್ಲಿ ತಪ್ಪಿಸಿಕೊಂಡೆ. ನನ್ನ ಬದಲು ಬೇರೆಯವರು ಹೋದರು. ಗುಡ್ಡಕ್ಕೆ ನನ್ನ ಲೆಕ್ಕ ಬಾಕಿ ಇದೆ, ಒಂದು ದಿನ ವಸೂಲಿ ಮಾಡುತ್ತದೆ. ಹೆಂಡತಿಗೂ ಹೇಳಿರಲಿಲ್ಲ.

ಬದುಕಿ ಉಳಿದವರಲ್ಲಿ ಈ ಭಾವ ಬಹಳ ಇರುತ್ತದೆ. ಅದನ್ನು ‘ತಪ್ಪು ಯೋಚನೆ’ ಎಂದು ತಿದ್ದಲು ಹೋದರೆ ಎರಡನೇ ಭೇಟಿಯ ತಪ್ಪೇ ಮತ್ತೆ ಆಗುತ್ತಿತ್ತು. ನಾನು ಕೇಳಿದ್ದು ಇಷ್ಟೇ: ಆ ಬೆಳಿಗ್ಗೆ ನಿಮ್ಮ ಹಿಂದೆ ಮುಂದೆ ಯಾವ ಯಾವ ಗಾಡಿ ಇತ್ತು? ನೆನಪು ಮಾಡಿಕೊಂಡರು. ಒಂದು ಸರ್ಕಾರಿ ಬಸ್ಸು. ಎರಡು ಟ್ಯಾಂಕರ್. ರೇನ್‌ಕೋಟ್ ಹಾಕಿದ ಬೈಕಿನವ, ಹಿಂದೆ ಒಂದು ಮಗು. ಆ ಮಗುವಿಗೂ ಬಾಕಿ ಇದೆಯಾ ಎಂದು ಕೇಳಿದೆ.

ಅವರು ಅತ್ತರು. ಕುಸಿತವಾದ ಮೇಲೆ ಅತ್ತದ್ದು ಅದೇ ಮೊದಲು. ಆಮೇಲೆ ಹೇಳಿದರು: ‘ಮಗೀಗೆ ಎಂತಾ ಬಾಕಿ.’ ಸ್ವಲ್ಪ ಹೊತ್ತು ಬಿಟ್ಟು, ‘ಹಂಗಾರೆ ನಂದೂ ಇಲ್ಲ’ ಎಂದರು, ನಂಬಿದವರ ಹಾಗಲ್ಲ, ಅಳತೆ ನೋಡುವವರ ಹಾಗೆ. ನಾನು ಒತ್ತಲಿಲ್ಲ. ಅದು ಪ್ಯಾನಿಕ್ ಅಲ್ಲ, ದುಃಖ. ದುಃಖಕ್ಕೆ ಮೆಟ್ಟಿಲು ಕಟ್ಟುವ ಅಗತ್ಯ ಇಲ್ಲ, ಜಾಗ ಕೊಟ್ಟರೆ ಸಾಕು.

ಮುಂದಿನ ವಾರ ಅವರೇ ಒಂದು ಯೋಚನೆಯೊಂದಿಗೆ ಬಂದರು. ನದಿಯ ಆಚೆ ದಡದಲ್ಲಿ ನಿಂತು ಹೋದವರಿಗಾಗಿ ಹೂವು ಬಿಡಬೇಕು, ಮಾಡಬಹುದಾ ಎಂದು. ನನಗೆ ಒಳಗೊಳಗೇ ಒಂದು ಅನುಮಾನ. ಇದೂ ಇನ್ನೊಂದು ತಣ್ಣೀರಾದರೆ? ನೇರ ಕೇಳಿದೆ: ‘ಒಂದು ಸಲವಾ, ಪ್ರತಿ ಟ್ರಿಪ್ಪಿಗಾ?’ ಅವರಿಗೆ ತಕ್ಷಣ ಅರ್ಥವಾಯಿತು. ‘ಒಂದೇ ಸಲ. ಪ್ರತಿ ಸಲ ಬಿಟ್ರೆ ಅದು ಲಂಚ’ ಎಂದರು. ಒಂದು ಭಾನುವಾರ ಹೆಂಡತಿಯ ಜೊತೆ ಹೋಗಿ ಬಂದರು. ಅದರ ಬಗ್ಗೆ ನನಗೆ ಏನನ್ನೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಆ ವಾರದ ಟ್ರಿಪ್ ಶೀಟಿನಲ್ಲಿ ಮೊದಲ ಖಾನೆ ಬದಲಾಗಿತ್ತು. ‘ಎದೆ ಹೊಡ್ಕೊಳ್ತದೆ, ಆಮೇಲೆ ಇಳೀತದೆ’ ಎಂದು ಬರೆದಿದ್ದರು.

ಏಪ್ರಿಲ್‌ನಲ್ಲಿ ಜಿಎಡಿ-7 ಅಂಕ 6ಕ್ಕೆ ಇಳಿದಿತ್ತು. ಕುಡಿತ ನಿಂತಿತ್ತು. ಔಷಧಿಯ ಅಗತ್ಯ ಬೀಳಲಿಲ್ಲ. ಇದನ್ನು ಓದಿ ಯಾರೂ ತಮ್ಮ ಮಾತ್ರೆ ಬಿಡಬಾರದು. ಇನ್ನೊಬ್ಬರಿಗೆ ಮಾತ್ರೆ, ಮಾತು ಎರಡೂ ಬೇಕಾಗಬಹುದು, ಬಹಳ ಜನರಿಗೆ ಬೇಕಾಗುತ್ತದೆ. ಹೋದ ಇಬ್ಬರು ವ್ಯಾಪಾರಿಗಳು ವಾಪಸ್ ಬರಲಿಲ್ಲ. ಬೇಸಿಗೆಯಿಡೀ ಅಣ್ಣ ಹೊಸ ಬಾಡಿಗೆ ಹುಡುಕಿದರು.

ಮಳೆ ಬೇಗ ಬಂತು

ಹನ್ನೆರಡು ಭೇಟಿಯ ಯೋಜನೆಯಲ್ಲಿ ಹತ್ತು ಮುಗಿದಿದ್ದವು. ಉಳಿದ ಎರಡನ್ನು ಮೇ ಕೊನೆಗೆ, ಮಳೆಗಾಲಕ್ಕೆ ತಯಾರಾಗಲು ಇಟ್ಟುಕೊಂಡಿದ್ದೆ. ಒಣಕಾಲದಲ್ಲಿ ಕಲಿತದ್ದು ಮಳೆಯಲ್ಲಿ ನಿಲ್ಲುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಮನಸ್ಸು ಕಲಿಯುವಾಗ ಸುತ್ತಲಿನ ಸದ್ದು, ವಾಸನೆ, ಬೆಳಕನ್ನೂ ಸೇರಿಸಿಕೊಂಡೇ ಕಲಿಯುತ್ತದೆ. ಬಿಸಿಲಲ್ಲಿ ಕಲಿತ ಧೈರ್ಯ ಮಳೆಯ ವಾಸನೆಗೆ ಕರಗಬಹುದು.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲೂ ಬೆನ್ನಿಗೇ ಸುರಿಯಿತು. ಅಣ್ಣನ ಭೇಟಿ ಇನ್ನೂ ನಾಲ್ಕು ದಿನ ದೂರ ಇತ್ತು. ಹಿರೇಗುತ್ತಿ ದಾಟಿ ಅಂಕೋಲಾ ಕಡೆ ಬರುತ್ತಿದ್ದಾಗ ಮಳೆ ಜೋರಾಯಿತು. ಶಿರೂರಿನಲ್ಲಿ ಎದೆ ಹೊಡೆದುಕೊಂಡಿತು, ಬೆರಳು ಜುಮ್ಮೆಂದವು. ಮೂರು ತಿಂಗಳಲ್ಲಿ ಮೊದಲ ಸಲ. ಮನೆ ಮುಟ್ಟಿ ನನಗೆ ಫೋನ್ ಮಾಡಿದರು. ‘ಎಲ್ಲಾ ಹೋಯ್ತು ಮೇಡಂ, ಮತ್ತೆ ಶುರುವಾಯ್ತು.’

ಏನು ಮಾಡಿದಿರಿ ಎಂದು ಕೇಳಿದೆ. ಗಾಡಿ ತಿರುಗಿಸಲಿಲ್ಲ. ನಲವತ್ತರಲ್ಲೇ ಬಂದೆ. ಫೋನ್ ಹಚ್ಚಲಿಲ್ಲ. ಮೀಟರ್ 70 ಇತ್ತು, ಅಂಕೋಲಾ ಬರುವಾಗ 30. ಹೇಳುತ್ತಾ ಹೇಳುತ್ತಾ ಅವರ ದನಿ ನಿಧಾನವಾಯಿತು. ಸೆಪ್ಟೆಂಬರ್‌ನ ಸಂಜೆ ಆದದ್ದಕ್ಕೂ ಇದಕ್ಕೂ ಮೈಯಲ್ಲಿ ಆದದ್ದು ಒಂದೇ. ಮಾಡಿದ್ದು ಬೇರೆ. ನಾಳೆ ಅಲರ್ಟ್ ಏನಿದೆ ಎಂದು ಕೇಳಿದೆ. ನೋಡಿ ಹೇಳಿದರು, ಆರೆಂಜ್. ‘ಹಂಗಾರೆ ಹಗಲೇ ಹೋಗ್ಬೇಕು’ ಎಂದರು. ಹೋದರು.

ಮಳೆಗಾಲ ಪೂರ್ತಿ ಮೂರ್ನಾಲ್ಕು ಸಲ ಎದೆ ಹೊಡೆದುಕೊಂಡಿದೆ. ಮಳೆಯ ರಾತ್ರಿ ಅವರು ಆ ದಾರಿಯಲ್ಲಿ ಈಗಲೂ ಹೋಗುವುದಿಲ್ಲ, ಆರೆಂಜ್ ಇಲ್ಲದ ದಿನವೂ. ಅದು ನಿಯಮದಲ್ಲಿಲ್ಲ. ಹೆದರಿಕೆಯ ಒಂದು ತುಂಡು ಹಾಗೇ ಉಳಿದಿದೆ ಎಂದೇ ನಾನು ಬರೆದುಕೊಂಡಿದ್ದೇನೆ. ಅದನ್ನು ಕೀಳಲು ಹೊರಟಿಲ್ಲ, ಅವರೂ ಕೇಳಿಲ್ಲ.

ಜುಲೈನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಹಿಂದಿನ ಸಂಜೆಯೇ ರೆಡ್ ಅಲರ್ಟ್ ಆಗಿತ್ತು. ರಸ್ತೆ ತೆರೆದೇ ಇತ್ತು, ಬೇರೆ ಗಾಡಿಗಳು ಹೋಗುತ್ತಿದ್ದವು, ಕುಮಟಾದ ಹೊಸ ವ್ಯಾಪಾರಿ ಎರಡು ಸಲ ಕರೆ ಮಾಡಿ ಬೈದಿದ್ದ. ಅಣ್ಣ ಲೋಡು ಹಾಕಿದ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಕೂತಿದ್ದರು.

‘ಮೇಡಂ, ನಾ ಹೋಗ್ಲಿಲ್ಲ. ಇದು ಹೆದರಿಕೆಯೋ, ನಿಯಮವೋ?’

ಮೀಟರ್ ಎಷ್ಟಿದೆ ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿತು. ‘ಹತ್ತು’ ಎಂದರು. ‘ಚಾ ಕುಡೀತಾ ಇದ್ದೆ.’